ನಕಲು ರೀಡ್‌ಗಳು: ಗುರುತು ಸಾಕು, ಅಳಿಸುವುದು ಬೇಡ

2021ರ ಮೇ ತಿಂಗಳಲ್ಲಿ ವಿಶಾಖಪಟ್ಟಣದ ಕಡೆಯಲ್ಲೆಲ್ಲ ಎನ್440ಕೆ ಎಂಬ ಕೊರೊನಾ ರೂಪಾಂತರದ ಭಯ ಹಬ್ಬಿತ್ತು. ಆ ರೂಪಾಂತರ ಆಗಲೇ ಇಳಿಮುಖವಾಗಿದೆ ಎಂದು ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹೇಳಿದ್ದು ಜೀನೋಮ್ ಸೀಕ್ವೆನ್ಸಿಂಗ್ ದತ್ತಾಂಶದ ಬಲದ ಮೇಲೆ. ಇಂಥ ದತ್ತಾಂಶವನ್ನು ಸೋಸುವಾಗ ಹಲವರು ಕಣ್ಣುಮುಚ್ಚಿ ನಡೆಸುವ ಒಂದು ಹಂತ, ನಕಲು ರೀಡ್‌ಗಳನ್ನು, ಅಂದರೆ ಯಂತ್ರ ಒಂದೇ ಮೂಲ ತುಣುಕಿನಿಂದ ಮತ್ತೆ ಮತ್ತೆ ಓದಿದ ಸಾಲುಗಳನ್ನು, ತೆಗೆಯುವುದು.

ಮಾದರಿಯ ಡಿಎನ್‌ಎ ಸಾಲದೆ ಬಂದಾಗ ಪಿಸಿಆರ್‌ನಿಂದ ಅದನ್ನು ಹೆಚ್ಚಿಸುತ್ತಾರೆ. ಮೊದಲ ಸುತ್ತುಗಳಲ್ಲೇ ಒಂದು ತುಣುಕಿನಲ್ಲಿ ತಪ್ಪು ನುಸುಳಿದರೆ ಆ ತಪ್ಪೂ ಹತ್ತಾರು ರೀಡ್‌ಗಳಾಗಿ ಮೂಡುತ್ತದೆ. ಒಂದೇ ತಾಳೆಗರಿ ನೋಡಿ ಬರೆದ ಹತ್ತು ಪ್ರತಿಗಳನ್ನು ಪಾಠ ನಿರ್ಣಯದಲ್ಲಿ ಹತ್ತು ಸಾಕ್ಷಿ ಎಂದು ಯಾವ ಸಂಪಾದಕರೂ ಎಣಿಸುವುದಿಲ್ಲ. ಪಿಕಾರ್ಡ್ ತಂತ್ರಾಂಶದ ಮಾರ್ಕ್‌ಡೂಪ್ಲಿಕೇಟ್ಸ್ ಮಾಡುವುದೂ ಇದನ್ನೇ. ಜೋಡಿ ರೀಡ್‌ಗಳ ಎರಡೂ ತುದಿಗಳ ಆರಂಭಸ್ಥಾನ, ದಿಕ್ಕು ಒಂದೇ ಆಗಿದ್ದರೆ ಗುಣಮಟ್ಟದ ಮೊತ್ತ ಹೆಚ್ಚಿರುವ ಜೋಡಿಯನ್ನು ಉಳಿಸಿ, ಮಿಕ್ಕವಕ್ಕೆ ನಕಲು ಎಂದು ಸೂಚಿಸುವ 1024ರ ಗುರುತು ಹಾಕುತ್ತದೆ. ನಾವಾಗಿ ಕೇಳದ ಹೊರತು ಏನನ್ನೂ ಅಳಿಸುವುದಿಲ್ಲ. ಈ ಸಂಯಮವೇ ಅದರ ದೊಡ್ಡ ಗುಣ.

ಆದರೆ ಒಂದೇ ಜಾಗದಲ್ಲಿ ಶುರುವಾದದ್ದೆಲ್ಲ ನಕಲು ಎಂಬ ಊಹೆ ಎಲ್ಲ ಕಡೆ ನಿಲ್ಲದು.  ಕೊರೊನಾ ಕಾಲದಲ್ಲಿ ಜಗತ್ತಿನಾದ್ಯಂತ ಬಳಕೆಯಾದ ಆರ್ಟಿಕ್ ವಿಧಾನ ವೈರಸ್ಸಿನ ಜೀನೋಮನ್ನು ಸುಮಾರು 400 ಅಕ್ಷರಗಳ ಆಂಪ್ಲಿಕಾನ್ ಎಂಬ ತುಣುಕುಗಳಾಗಿ ವರ್ಧಿಸುತ್ತದೆ. ತುಣುಕಿನ ತುದಿಗಳನ್ನು ವರ್ಧನೆ ಶುರುಮಾಡುವ ಪ್ರೈಮರ್‌ಗಳೇ ನಿಗದಿ ಮಾಡುವುದರಿಂದ ಬೇರೆ ಬೇರೆ ವೈರಸ್ ಪ್ರತಿಗಳಿಂದ ಬಂದ ರೀಡ್‌ಗಳೂ ಅವಳಿಗಳಂತೆ ಕಾಣುತ್ತವೆ. ಇಲ್ಲಿ ನಕಲು ತೆಗೆಯಹೊರಟರೆ ಸಾವಿರಾರು ರೀಡ್‌ಗಳ ಆಳ ಬೆರಳೆಣಿಕೆಗೆ ಇಳಿಯುತ್ತದೆ. ಇದು ಶುದ್ಧೀಕರಣವಲ್ಲ, ಸಾಕ್ಷ್ಯನಾಶ.

ಆರ್‌ಎನ್‌ಎ ಅಧ್ಯಯನದಲ್ಲೂ ಇದೇ ತೊಡಕು. ಹೆಚ್ಚು ವ್ಯಕ್ತವಾಗುವ ವಂಶವಾಹಿಯ ರೀಡ್‌ಗಳು ಸಹಜವಾಗಿಯೇ ಒಂದರ ಮೇಲೊಂದು ಬೀಳುತ್ತವೆ. ಸ್ಥಾನ ನೋಡಿ ಅವನ್ನು ತೆಗೆದರೆ ಫಲಿತಾಂಶ ಸುಧಾರಿಸುವುದಿಲ್ಲ ಎಂದು 2016ರಲ್ಲೇ ಪಾರೇಖ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಪ್ರತಿ ಮೂಲ ಅಣುವಿಗೂ ಮೊದಲೇ ಅಂಟಿಸುವ ಯುಎಂಐ ಗುರುತು ಮಾತ್ರ ನಿಜವಾದ ನಕಲನ್ನು ನಂಬುವಂತೆ ಬೇರ್ಪಡಿಸಬಲ್ಲದು.

ಹೀಗಾಗಿ ಪ್ರತಿ ಪ್ರಬಂಧವೂ ಸೀಕ್ವೆನ್ಸಿಂಗ್‌ಗೆ ಸಿದ್ಧಪಡಿಸಿದ ತುಣುಕುಗಳ ಲೈಬ್ರರಿ ತಯಾರಾದ ಬಗೆಯನ್ನೂ ನಕಲಿನ ಶೇಕಡಾವಾರನ್ನೂ ಹೇಳಲೇಬೇಕು, ಗುರುತು ಹಾಕಿದ ಕಡತವನ್ನು ಹಾಗೆಯೇ ಉಳಿಸಬೇಕು. ನಕಲು ವಿಪರೀತ ಇದ್ದರೆ, ಮಾದರಿಯಲ್ಲಿ ಡಿಎನ್‌ಎ ಕಡಿಮೆ ಇತ್ತೇ, ಪಿಸಿಆರ್ ಸುತ್ತು ಹೆಚ್ಚಾಯಿತೇ ಎಂದು ಕೇಳಲು ಇರುವ ಸುಳಿವು ಅದೇ. ಅಳಿಸಿದ ಕಡತಕ್ಕೆ ಆ ಪ್ರಶ್ನೆ ಹಾಕಲು ಬರುವುದಿಲ್ಲ.