ರೈಟರ್ ಬರೆದ ಲೆಕ್ಕ

ನಮ್ಮ ಕಡೆ ಕಾಫಿತೋಟಕ್ಕೆ ಗುಳೇ ಹೋಗಿಬಂದವರ ಬಾಯಲ್ಲಿ ‘ರೈಟರ್’ ಅಂದರೆ ಕತೆ ಕವಿತೆ ಬರೆಯುವವನಲ್ಲ. ಹಾಜರಿ ಬರೆಯುವವನು. ಕೊಯ್ದ ಹಣ್ಣಿನ ತೂಕ ಬರೆಯುವವನು. ಕೊಟ್ಟ ಮುಂಗಡವನ್ನು ಅಂದೇ ಬರೆದುಕೊಂಡು, ತೀರಿದ್ದನ್ನು ನಾಳೆ ಬರೀತೀನಿ ಅನ್ನುವವನು. ನಾನು ಪದ್ಯ ಬರೆಯುತ್ತೇನೆ ಅಂತ ಗೊತ್ತಾದಾಗ ನಮ್ಮ ಕೇರಿಯ ಅಜ್ಜಿಯೊಬ್ಬಾಕಿ, ‘ಹಂಗಾರ ನೀನೂ ರೈಟರ್ ಆದೇನಪ್ಪಾ?’ ಅಂದಳು. ಆಕೆ ಹೊಗಳಿದಳೋ ಬೈದಳೋ ಇನ್ನೂ ತಿಳಿದಿಲ್ಲ.

ಆ ಮಾತು ಮತ್ತೆ ನೆನಪಾದದ್ದು ಒಂದು ಇಂಗ್ಲಿಷ್ ಬರಹ ಓದುವಾಗ. ಬೆಂಗಳೂರಿನ ಆಫೀಸೊಂದರಲ್ಲಿ ಕೆಲಸಕ್ಕಿರುವ ಕೂಡ್ಲಿಗಿ ಕಡೆಯ ಗೆಳೆಯ ಅದನ್ನು ತೋರಿಸಿದ. ‘ಆಧುನಿಕ ಗುಲಾಮಗಿರಿ ಹೇಳಿಕೆ’ ಅಂತ ಅದರ ಹೆಸರು. ಇಂಗ್ಲೆಂಡಿನಲ್ಲಿ 2015ರಲ್ಲಿ ಒಂದು ಕಾನೂನು ಬಂತು. ವರ್ಷಕ್ಕೆ 3.6 ಕೋಟಿ ಪೌಂಡು ಅಥವಾ ಅದಕ್ಕಿಂತ ಹೆಚ್ಚು ವಹಿವಾಟಿರುವ, ಅಲ್ಲಿ ವ್ಯಾಪಾರ ಮಾಡುವ ಕಂಪನಿ ತನ್ನ ಕೆಲಸದಲ್ಲೂ ತನಗೆ ಸರಕು ಒದಗಿಸುವವರ ಸರಪಳಿಯಲ್ಲೂ ಗುಲಾಮಗಿರಿ ಇಲ್ಲದಂತೆ ಏನು ಮಾಡಿದೆ ಎಂದು ಪ್ರತಿವರ್ಷ ಬರೆದು, ನಿರ್ದೇಶಕರ ಸಹಿ ಹಾಕಿಸಿ ಪ್ರಕಟಿಸಬೇಕು. ಏನೂ ಮಾಡಿಲ್ಲವೆಂದರೆ ‘ಏನೂ ಮಾಡಿಲ್ಲ’ ಅಂತ ಬರೆದರೂ ಆ ಕಾನೂನಿಗೆ ಸಾಕು! 2018ರಲ್ಲಿ ಆಸ್ಟ್ರೇಲಿಯಾ ಕೂಡ ಇಂಥ ಕಾನೂನು ಮಾಡಿತು. ನಮ್ಮ ಸೆಬಿಯವರು 2022-23ರಿಂದ ಷೇರುಪೇಟೆಯ ಮೊದಲ 1000 ಕಂಪನಿಗಳಿಂದ ಪಡೆಯುವ ವರದಿಯಲ್ಲೂ ಬಲವಂತದ ದುಡಿಮೆಯ ಪ್ರಶ್ನೆಗಳಿವೆ. ವಕೀಲರು, ಆಡಿಟರುಗಳು, ಸಲಹೆಗಾರರು, ಕಂಪ್ಯೂಟರ್ ಕಂಪನಿಗಳು, ಮಡಿಕೆ ಮುರಿಯದ ಅಂಗಿಯ ಸಂಸ್ಥೆಗಳೆಲ್ಲ ಈಗ ಇದನ್ನು ಬರೆಯುತ್ತಿವೆ. ಇಷ್ಟು ಬರೆಯುತ್ತಾರೆಂದ ಮೇಲೆ ಇದೂ ಒಂದು ಸಾಹಿತ್ಯ ಪ್ರಕಾರವೇ. ವಿಮರ್ಶೆಗೆ ಸಿಗಲೇಬೇಕು.

ಮೊದಲು ವ್ಯಾಕರಣ ನೋಡೋಣ. ಈ ಜಾತಿಯ ಬರಹದಲ್ಲಿ ಕ್ರಿಯಾಪದಗಳು ಹೇರಳ, ಕರ್ತೃ ಮಾತ್ರ ಇಲ್ಲ. ಅಪಾಯವನ್ನು ಗುರುತಿಸಲಾಗಿದೆ, ಪರಿಶೀಲಿಸಲಾಗಿದೆ, ತರಬೇತಿ ನೀಡಲಾಗಿದೆ. ಯಾರು ಗುರುತಿಸಿದರು? ಯಾರನ್ನು ಕೇಳಿದರು? ನಮ್ಮ ಕೇರಿಯಲ್ಲಿ ಇದೇ ಸಂಗತಿಯನ್ನು ಹೀಗೆ ಹೇಳುತ್ತಾರೆ: ‘ಮೇಸ್ತ್ರಿ ರೊಕ್ಕ ಕೊಟ್ಟ, ಅಪ್ಪ ಇಸಗಂಡ, ರೈಟರ್ ಬರಕಂಡ, ನಾವು ಲಾರಿ ಹತ್ತಿದ್ವಿ.’ ನಾಲ್ಕು ಕ್ರಿಯೆ, ನಾಲ್ಕು ಜನ. ಒಬ್ಬರೂ ತಪ್ಪಿಸಿಕೊಳ್ಳುವಂತಿಲ್ಲ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದಿದ್ದಕ್ಕೆ ಮಂತ್ರಿಗಿರಿಯೇ ಹೋಯಿತು. ಬೂಸಾ ಆದರೆ ದನವಾದರೂ ತಿನ್ನುತ್ತದೆ. ಇದನ್ನೇನು ಮಾಡುವುದು?

ಇನ್ನು ಹೆಸರು. ‘ಗುಲಾಮಗಿರಿ’ ಅಂದಕೂಡಲೇ ಓದುಗನ ಕಣ್ಣು ಹಡಗು, ಸಂಕೋಲೆ, ಆಫ್ರಿಕಾ ಅಂತ ದೂರ ಹೋಗುತ್ತದೆ. ನಮ್ಮಲ್ಲಿ ಪದವಿದೆಯಲ್ಲ: ಜೀತ. ಹಳಗನ್ನಡದಲ್ಲಿ ಜೀತ ಅಂದರೆ ಕೂಲಿ, ಸಂಬಳ. ಸಂಬಳವೆಂಬ ಪದವೇ ಸಂಬಳವಿಲ್ಲದ ದುಡಿಮೆಯ ಹೆಸರಾಗಿ ತಿರುಗಿಕೊಂಡಿದೆ. ಅದಕ್ಕೆ ಎಷ್ಟು ತಲೆಮಾರುಗಳ ಬೆವರು ಬೇಕಾಯಿತೋ! ಈ ಒಂದು ಪದದಲ್ಲಿರುವ ಚರಿತ್ರೆ ಆ ಇಡೀ ಹೇಳಿಕೆಯಲ್ಲಿ ಇಲ್ಲ.

ಹೇಳಿಕೆಯ ನಡುಮಧ್ಯೆ ಒಂದು ಮಾತು ತಪ್ಪದೆ ಬರುತ್ತದೆ: ನಮ್ಮದು ಬುದ್ಧಿಯ ಕೆಲಸ, ಇಲ್ಲಿ ಅಪಾಯ ಕಡಿಮೆ. ಇರಬಹುದು. ಆದರೆ ಆ ಬುದ್ಧಿವಂತ ಕೂತಿರುವ ಗಾಜಿನ ಕಟ್ಟಡಕ್ಕೆ ಕಾಂಕ್ರೀಟು ಹೊತ್ತವರು ಯಾರು? ಮೇಜಿನ ಮೇಲಿನ ಕಾಫಿ? ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70 ಕರ್ನಾಟಕದ್ದು, ಹೆಚ್ಚು ಭಾಗ ಹೊರದೇಶಕ್ಕೇ ಹೋಗುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಕೇರಿ, ತಾಂಡಾಗಳಲ್ಲಿ ಕೇಳಿ: ಬೆಂಗಳೂರಿನ ಕಟ್ಟಡ, ಚಿಕ್ಕಮಗಳೂರಿನ ತೋಟ, ಮಂಡ್ಯದ ಕಬ್ಬಿನ ಗದ್ದೆ ಈ ಮೂರು ದಾರಿ ಸಣ್ಣ ಹುಡುಗರಿಗೂ ಗೊತ್ತು. ಶೇಂಗಾ, ಮೆಕ್ಕೆಜೋಳ ಮಳೆಯನ್ನೇ ನಂಬಿವೆ. ತುಂಗಭದ್ರೆಯ ಹಿನ್ನೀರು ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಹೊಲ ಮುಳುಗಿಸಿತು, ಕಾಲುವೆ ನೀರು ಬೇರೆಯವರ ಗದ್ದೆಗೆ ಹರಿಯಿತು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರಕ್ಕೆ ಸೇರಿತು. ತಾಲ್ಲೂಕಿನ ವಿಳಾಸ ಬದಲಾಯಿತು, ಲಾರಿಯ ದಾರಿ ಬದಲಾಗಲಿಲ್ಲ.

ಗುಳೇ ಹೋದವರೆಲ್ಲ ಜೀತದಾಳುಗಳೆಂದು ನಾನು ಹೇಳುತ್ತಿಲ್ಲ. ಹೋಗಿ ದುಡಿದು, ಮನೆಗೆ ತಗಡು ಹಾಕಿಸಿದವರೂ ಉಂಟು. ಗಂಟು ಇರುವುದು ಮುಂಗಡದಲ್ಲಿ. ಮದುವೆಗೋ ಆಸ್ಪತ್ರೆಗೋ ಮಳೆಗಾಲದಲ್ಲಿ ಇಸಕೊಂಡ ರೊಕ್ಕ, ಸುಗ್ಗಿ ಕಾಲಕ್ಕೆ ಗಂಡ ಹೆಂಡತಿ ಇಬ್ಬರ ಮೈಯಾಗಿ ತೀರಬೇಕು. ಕೂಲಿ ಎಷ್ಟು, ಮುರಿದುಕೊಂಡದ್ದೆಷ್ಟು, ಪುಸ್ತಕ ರೈಟರ್ ಕೈಯಲ್ಲಿ. ಲೆಕ್ಕ ಮುಗಿಯುವ ತನಕ ಬಿಟ್ಟು ಬರುವ ಹಾಗಿಲ್ಲವೆಂದರೆ ಅಲ್ಲಿಗೆ ಕೂಲಿ ಮುಗಿದು ಜೀತ ಶುರುವಾಯಿತು.

ಇದನ್ನು ಕನ್ನಡದಲ್ಲಿ ಮೊದಲೇ ಬರೆದಿದ್ದಾರೆ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರದು. ಚೋಮನ ಭೂಮಿಯ ಆಸೆ, ಅಸ್ಪೃಶ್ಯತೆ, ದುಡಿಯ ನಾದ ಎಲ್ಲವನ್ನೂ ನಮ್ಮ ವಿಮರ್ಶಕರು ಬೇಕಾದಷ್ಟು ಬರೆದರು. ಅದು ಕಾಫಿತೋಟದ ಸಾಲದ ಕತೆಯೂ ಹೌದೆಂಬುದನ್ನು ಅಷ್ಟು ಒತ್ತಿ ಹೇಳಲಿಲ್ಲ. ಸಾಲ ತೀರಿಸಲು ಚನಿಯ, ಗುರುವ ಘಟ್ಟ ಹತ್ತುತ್ತಾರೆ. ಒಬ್ಬ ಜ್ವರ ಹೊತ್ತು ಬಂದು ಸಾಯುತ್ತಾನೆ, ಇನ್ನೊಬ್ಬ ಅಲ್ಲೇ ಕ್ರೈಸ್ತನಾಗಿ ಉಳಿಯುತ್ತಾನೆ. ಆಮೇಲೆ ಬೆಳ್ಳಿ ಹೋಗುತ್ತಾಳೆ. ಅಲ್ಲೊಬ್ಬ ರೈಟರ್ ಇದ್ದಾನೆ, ಮನ್ವೇಲ. ಅವನ ಮೇಲೆ ತೋಟದ ಧಣಿ. ಬೆಳ್ಳಿಯ ಮೈಗೆ ಬೆಲೆ ಕಟ್ಟಿ ಸಾಲ ಹೊಡೆದುಹಾಕುತ್ತಾರೆ. ಆಕೆ ಮನೆಗೆ ಬಂದು ಸಾಲ ತೀರಿತು ಅನ್ನುತ್ತಾಳೆ.

ಈಗ ಆ ತೋಟಕ್ಕೆ ನಮ್ಮ ಆಡಿಟರನ್ನು ಕಳಿಸಿ ನೋಡಿ. ಪುಸ್ತಕ ತೆಗೆಸುತ್ತಾನೆ. ಚೋಮ, ಬಾಕಿ ಇಲ್ಲ. ಬಂಧನದ ಸಾಲ ಕಂಡುಬಂದಿಲ್ಲ ಅಂತ ಬರೆದುಕೊಂಡು ಹೋಗುತ್ತಾನೆ. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ!

ಕಾರಂತರ ಮೇಲೆ ನನಗೊಂದು ತಕರಾರಿದೆ. ಮುಂದೆ ಮನ್ವೇಲನ ಜೊತೆ ಬೆಳ್ಳಿಯನ್ನು ಕಂಡಾಗ ಚೋಮನ ಸಿಟ್ಟು ಮಗಳ ಮೈಮೇಲೆ ಬೀಳುತ್ತದೆ. ಆ ಲೆಕ್ಕದ ಪುಸ್ತಕದ ಮೇಲೆ ಬೀಳುವುದಿಲ್ಲ. ಬಿ.ವಿ. ಕಾರಂತರ 1975ರ ಸಿನಿಮಾದಲ್ಲೂ ಹಾಗೇ. ಚೋಮ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾ ಸಾಯುತ್ತಾನೆ, ನಮಗೆಲ್ಲ ಕಣ್ಣೀರು ಬರುತ್ತದೆ, ಪುಸ್ತಕ ಘಟ್ಟದ ಮೇಲೆ ಭದ್ರವಾಗಿ ಇರುತ್ತದೆ. ಆದರೂ ಕಾರಂತರು ನಮ್ಮನ್ನು ಆ ಪುಸ್ತಕದ ತನಕ ಕರೆದುಕೊಂಡು ಹೋದರು. ಕಂಪನಿಯ ಹೇಳಿಕೆ ಅದರ ರಟ್ಟನ್ನೂ ತೋರಿಸುವುದಿಲ್ಲ.

ಕಾನೂನು ಇಲ್ಲವೇ? ಇಂಗ್ಲೆಂಡಿಗಿಂತ ಮೊದಲೇ, ಅದಕ್ಕಿಂತ ಹರಿತವಾಗಿ ಇದೆ. 1976ರ ಜೀತ ರದ್ದತಿ ಕಾಯ್ದೆಯ 6ನೇ ಕಲಮು ಸಾಲವನ್ನೇ ಅಳಿಸಿಹಾಕುತ್ತದೆ. 15ನೇ ಕಲಮಿನ ಪ್ರಕಾರ ಇದು ಜೀತದ ಸಾಲವಲ್ಲವೆಂದು ತೋರಿಸಬೇಕಾದವನು ಸಾಲ ಕೊಟ್ಟವನು, ಆಳಲ್ಲ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೆಲಸಗಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ, ಹಸಿವಿನ ಒತ್ತಾಯವೂ ಒತ್ತಾಯವೇ ಎಂದಿತು. ಫರೀದಾಬಾದಿನ ಕಲ್ಲುಗಣಿಗಳ ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದಲ್ಲಿ ಹರಿಯಾಣ ಸರ್ಕಾರದ ವಾದ ಕೇಳಿ: ಇವರು ಬಲವಂತಕ್ಕೆ ದುಡಿಯುತ್ತಿರಬಹುದು, ಆದರೆ ಜೀತದಾಳುಗಳಲ್ಲ! ಕೋರ್ಟು ಒಪ್ಪಲಿಲ್ಲ. ಬಲವಂತದ ದುಡಿಮೆ ಕಂಡಲ್ಲಿ ಅದರ ಹಿಂದೆ ಮುಂಗಡ ಇದೆಯೆಂದೇ ತಿಳಿಯಬೇಕು ಅಂದಿತು. ಹೇಳಿಕೆ ಬರೆಯುವವರು ಈ ತರ್ಕವನ್ನು ಉಲ್ಟಾ ಮಾಡುತ್ತಾರೆ. ದೂರು ಬಂದಿಲ್ಲ, ಆದ್ದರಿಂದ ಇಲ್ಲ. ಲೈನ್‌ಮನೆಯಲ್ಲಿ ಮಲಗಿದಾಕೆ ಇಂಗ್ಲಿಷಿನ ದೂರುಸಂಖ್ಯೆಗೆ ಫೋನು ಮಾಡಬೇಕೇನು?

ನಮ್ಮ ಜನಕ್ಕೆ ಇನ್ನೊಂದು ತೂತು ಕಾದಿತ್ತು. 1979ರ ವಲಸೆ ಕಾರ್ಮಿಕರ ಕಾಯ್ದೆ ರಾಜ್ಯದ ಗಡಿ ದಾಟಿದವರಿಗೆ ಮಾತ್ರ. ಹರಪನಹಳ್ಳಿಯಿಂದ ಮೂಡಿಗೆರೆಗೆ ಹೋದವರು ಗಡಿ ದಾಟಲಿಲ್ಲ, ಆದ್ದರಿಂದ ಅದರ ಲೆಕ್ಕದಲ್ಲಿ ವಲಸೆಯೇ ಹೋಗಲಿಲ್ಲ. 2025ರ ನವೆಂಬರಿನಲ್ಲಿ ಅದು ಹೊಸ ಸಂಹಿತೆಯಲ್ಲಿ ಕರಗಿತು. ಹೊಸದೂ ಕೇಳುವುದು ರಾಜ್ಯದ ಗಡಿಯನ್ನೇ.

‘ಏನೂ ಇಲ್ಲದ್ದಕ್ಕಿಂತ ಈ ಕಾಗದ ವಾಸಿ ಅಲ್ಲವೇನೋ’ ಅಂದ ಗೆಳೆಯ. ಅರ್ಧ ಒಪ್ಪುತ್ತೇನೆ. ಸಹಿ ಹಾಕಿದವನನ್ನು ಅವನ ಕಾಗದದಿಂದಲೇ ಹಿಡಿಯಬಹುದು. ಹಿಡಿಯಬೇಕಾದರೆ ಪ್ರಶ್ನೆ ನಮ್ಮದಾಗಬೇಕು. ಮುಂಗಡ ಕೊಟ್ಟವರು ಯಾರು? ಕೂಲಿ ಮೇಸ್ತ್ರಿಯ ಕೈಗೋ, ಆಕೆಯ ಕೈಗೋ? ಸರಕಿನ ದರವನ್ನು ಕಂಪನಿ ಎಷ್ಟಕ್ಕೆ ಇಳಿಸಿತು, ಆ ದರದಲ್ಲಿ ಕನಿಷ್ಠ ಕೂಲಿ ಕೊಡಲು ಆಗುತ್ತದೋ ಇಲ್ಲವೋ? 1976ರ ಕಾಯ್ದೆಯ ಜಾಗೃತಿ ಸಮಿತಿಯಲ್ಲಿ ಪರಿಶಿಷ್ಟ ಜಾತಿ, ಪಂಗಡದ ಮೂವರು ಇರಲೇಬೇಕು. ನಿಮ್ಮ ಜಿಲ್ಲೆಯಲ್ಲಿ, ಉಪವಿಭಾಗದಲ್ಲಿ ಆ ಮೂವರು ಯಾರು, ಕೊನೆಗೆ ಸಭೆ ಸೇರಿದ್ದು ಯಾವಾಗ? ಸಂಘಟನೆಯ ಹುಡುಗರು ಇಷ್ಟನ್ನು ಕೇಳಿ ಬರೆಸಿಕೊಂಡರೆ ಸಾಕು.

ಮೇಷ್ಟ್ರುಗಳೇ, ನಿಮ್ಮ ಹತ್ತಿರ ಇನ್ನೊಂದು ಪುಸ್ತಕ ಇದೆ. ದೀಪಾವಳಿ ಕಳೆದ ಮೇಲೆ ಯಾವ ಯಾವ ಹೆಸರಿನ ಮುಂದೆ ಗೈರುಹಾಜರಿ ಸಾಲುಸಾಲಾಗಿ ಬೀಳುತ್ತದೆ, ಯಾವ ಕೇರಿಯ ಹೆಸರುಗಳು, ಎಷ್ಟು ತಿಂಗಳು, ನಿಮ್ಮ ಕೈಬರಹದಲ್ಲೇ ಇದೆ. ಹೋದ ವರ್ಷ ಕೊಟ್ಟೂರು ತೇರಿನ ದಿನ ಪಕ್ಕದ ಮನೆ ಹುಡುಗಿಯನ್ನು ಕೇಳಿದೆ, ‘ನಿಮ್ಮವ್ವ ತೇರಿಗೆ ಬರ್ಲಿಲ್ಲೇನು?’

‘ಇಲ್ರೀ ಅಣ್ಣ. ಲೆಕ್ಕ ಆಗಿಲ್ಲಂತ, ರೈಟರ್ ಬಿಡ್ಲಿಲ್ಲ.’