ಗದಗಿನ ಜೋಶಿ, ಢಾಕಾದ ಪಾಠ

ಸುನಿಲ್ ಜೋಶಿ ಅಂದಕೂಡಲೇ ನಮಗೆ ನೆನಪಾಗುವುದು 1999ರ ನೈರೋಬಿ: ದಕ್ಷಿಣ ಆಫ್ರಿಕಾದ ಮೇಲೆ ಹತ್ತು ಓವರು, ಆರು ಮೇಡನ್, ಆರೇ ರನ್ನು, ಐದು ವಿಕೆಟ್. ಆ ಒಂದು ಸ್ಪೆಲ್ ಅವರ ಉಳಿದದ್ದನ್ನೆಲ್ಲ ಮರೆಮಾಡಿಬಿಟ್ಟಿದೆ. 15 ಟೆಸ್ಟುಗಳಲ್ಲಿ 41 ವಿಕೆಟ್ ಅಂಥ ದೊಡ್ಡ ಲೆಕ್ಕವೇನಲ್ಲ. ಅವರ ನಿಜವಾದ ಗಟ್ಟಿತನ ರಣಜಿಯಲ್ಲಿತ್ತು. ಕರ್ನಾಟಕ ಕಪ್ ಗೆದ್ದ 1995–96ರ ಒಂದೇ ಋತುವಿನಲ್ಲಿ 50ಕ್ಕೂ ಹೆಚ್ಚು ವಿಕೆಟ್ ಕಿತ್ತು, 500ಕ್ಕೂ ಹೆಚ್ಚು ರನ್ ಹೊಡೆದರು.

ನನಗೆ ಆಟಗಾರ ಜೋಶಿಗಿಂತ ಕೋಚ್ ಜೋಶಿ ದೊಡ್ಡವರಾಗಿ ಕಾಣುತ್ತಾರೆ. ಅವರು ಹೋದ ಕಡೆಗಳನ್ನೇ ನೋಡಿ: ಹೈದರಾಬಾದ್, ಜಮ್ಮು-ಕಾಶ್ಮೀರ, ಒಮಾನ್, ಬಾಂಗ್ಲಾದೇಶ. ಬೆಳಿಗ್ಗೆ ಗದಗಿನಿಂದ ಹುಬ್ಬಳ್ಳಿಗೆ ಹೋಗಿ, ಬೌಲಿಂಗ್ ಮಾಡಿ, ಶಾಲೆಯ ಹೊತ್ತಿಗೆ ಮರಳುತ್ತಿದ್ದ ಹುಡುಗನಿಗೆ ಅನುಕೂಲವಿಲ್ಲದ ತಂಡಗಳ ಕಷ್ಟ ಹೇಳಿಕೊಡಬೇಕಿರಲಿಲ್ಲ. ನಮ್ಮ ಬನ್ನೂರಿನ ಹುಡುಗರೂ ಒಳ್ಳೆಯ ನೆಟ್ಸ್ ಬೇಕೆಂದರೆ ಮೈಸೂರಿನ ಬಸ್ಸನ್ನೇ ಹತ್ತಬೇಕು. ಹಾಗಾಗಿ ಈ ವೃತ್ತಿಜೀವನ ನಮಗೆ ದೂರದ್ದಲ್ಲ. 2014ರ ಡಿಸೆಂಬರಿನಲ್ಲಿ ಜೋಶಿಯವರ ಕೈಕೆಳಗಿನ ಜಮ್ಮು-ಕಾಶ್ಮೀರ ವಾಂಖೆಡೆಯಲ್ಲೇ ಮುಂಬೈಯನ್ನು ನಾಲ್ಕು ವಿಕೆಟ್‌ಗಳಿಂದ ಮಣಿಸಿತು.

ಆದರೆ ತೂಗಿ ನೋಡಬೇಕಾದದ್ದು ಬಾಂಗ್ಲಾದೇಶದ ಕೆಲಸವನ್ನು. 2000ದ ನವೆಂಬರಿನಲ್ಲಿ ಢಾಕಾದಲ್ಲಿ ಆ ದೇಶ ತನ್ನ ಮೊಟ್ಟಮೊದಲ ಟೆಸ್ಟ್ ಆಡಿದಾಗ ಎಂಟು ವಿಕೆಟ್ ಕಿತ್ತು, 92 ರನ್ ಹೊಡೆದು ಪಂದ್ಯಶ್ರೇಷ್ಠರಾದವರು ಇದೇ ಜೋಶಿ. 2017ರಲ್ಲಿ ಅದೇ ತಂಡಕ್ಕೆ ಸ್ಪಿನ್ ಕಲಿಸಲು ಹೋದರು. ಮರುವರ್ಷ ವೆಸ್ಟ್ ಇಂಡೀಸ್ ಬಂದಾಗ ಎರಡು ಟೆಸ್ಟುಗಳಲ್ಲಿ ಅದರ ನಲವತ್ತೂ ವಿಕೆಟ್‌ಗಳು ಬಾಂಗ್ಲಾ ಸ್ಪಿನ್ನರುಗಳ ಪಾಲಾದವು. 17ರ ಹರೆಯದ ನಯೀಮ್ ಹಸನ್ ಚೊಚ್ಚಲ ಪಂದ್ಯದಲ್ಲೇ ಐದು ವಿಕೆಟ್ ಪಡೆದ. ಮೀರ್‌ಪುರದಲ್ಲಂತೂ ಅಪ್ಪಟ ವೇಗಿ ಒಬ್ಬನೂ ಇಲ್ಲದೆ ತಂಡ ಕಣಕ್ಕಿಳಿಯಿತು. ಮೆಹದಿ ಹಸನ್ ಒಬ್ಬನೇ 12 ವಿಕೆಟ್ ಕಬಳಿಸಿದ.

ಇಲ್ಲೇ ನನ್ನ ತಕರಾರೂ ಇದೆ. ವೆಸ್ಟ್ ಇಂಡೀಸ್ ಮೇಲಿನ ಆ ಗೆಲುವಿನಲ್ಲಿ ತಿರುವು ಕೊಡುವ ಪಿಚ್ಚಿನ ಪಾಲು ಸಣ್ಣದಲ್ಲ. ಕೆಲವೇ ತಿಂಗಳಲ್ಲಿ ನ್ಯೂಜಿಲೆಂಡಿನಲ್ಲಿ ಇದೇ ತಂಡ ಎರಡು ಟೆಸ್ಟುಗಳನ್ನೂ ಇನಿಂಗ್ಸ್ ಅಂತರದಲ್ಲಿ ಸೋತಿತು. ತಿರುಗದ ನೆಲದಲ್ಲಿ ಸ್ಪಿನ್ನರ್ ಹೇಗೆ ಬದುಕಬೇಕೆಂಬುದು ತಾಳ್ಮೆಯ, ವರ್ಷಗಟ್ಟಲೆಯ ಪಾಠ. 2019ರ ವಿಶ್ವಕಪ್ ಮುಗಿಯುತ್ತಲೇ ಜೋಶಿ ಅಲ್ಲಿಂದ ಹೊರಟರು. ಒಂದೇ ತಂಡದ ಜತೆ ಐದಾರು ವರ್ಷ ನಿಲ್ಲುವ ಅವಕಾಶ ಅವರಿಗೆ ಸಿಗಬೇಕಿತ್ತು.