ಬಂಗಾರದ ಅಕ್ಷರದ ರಟ್ಟಿನೊಳಗೆ

ನಮ್ಮಲ್ಲಿ ಕಾದಂಬರಿಗೆ ವಿಮರ್ಶೆ ಬರುತ್ತದೆ, ಕವನ ಸಂಕಲನಕ್ಕೆ ಬರುತ್ತದೆ, ಸಿನಿಮಾದ ಮಾತಂತೂ ಕೇಳುವುದೇ ಬೇಡ. ಆದರೆ ವರ್ಷ ವರ್ಷವೂ ಪರೀಕ್ಷೆಯ ಹೊತ್ತಿಗೆ ಕಾಲೇಜುಗಳಲ್ಲಿ ರಾಶಿ ಬೀಳುವ ಒಂದು ಬಗೆಯ ಪುಸ್ತಕವನ್ನು ಯಾರೂ ವಿಮರ್ಶೆಗೆ ಎತ್ತಿಕೊಂಡಿಲ್ಲ. ಕಪ್ಪು ಇಲ್ಲವೇ ಕಡುನೀಲಿ ರಟ್ಟು, ಮೇಲೆ ಬಂಗಾರದ ಬಣ್ಣದ ಅಕ್ಷರ, ಒಳಗೆ ಎಪ್ಪತ್ತೆಂಬತ್ತು ಪುಟ. ಬಿ.ಕಾಂ., ಬಿಬಿಎ, ಎಂ.ಕಾಂ., ಎಂಬಿಎ ಓದುವವರ ಪ್ರಾಜೆಕ್ಟ್ ವರದಿ. ಬರೆದೆನೆಂದವರು ಓದಿರುವುದಿಲ್ಲ, ಗೈಡ್ ಸಹಿ ಮಾಡಿರುತ್ತಾರೆ, ಪರೀಕ್ಷಕರು ಪುಟ ತಿರುವಿರುತ್ತಾರೆ, ಆಮೇಲೆ ಅದು ಬೀರು ಸೇರುತ್ತದೆ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಮಕ್ಕಳ ಇಂಥ ವರದಿಗಳನ್ನು ವೈವಾ ನೆಪದಲ್ಲಿ ಸಾಕಷ್ಟು ಓದಿದ್ದೇನೆ. ಇವನ್ನೂ ಒಂದು ಸಾಹಿತ್ಯ ಪ್ರಕಾರವೆಂದೇ ಹಿಡಿದು ನೋಡಿದರೆ ಹೇಗೆ?

ಕೃತಿಯ ಅತಿ ದೊಡ್ಡ ಸುಳ್ಳು ಮೊದಲ ಪುಟಗಳಲ್ಲೇ ಸಿಗುತ್ತದೆ. ‘ಇದು ನನ್ನ ಸ್ವಂತ ಅಧ್ಯಯನ’ ಎಂಬ ಘೋಷಣೆ ಹಿಂದಿನ ವರ್ಷದವರ ಘೋಷಣೆಯ ನಕಲು. ಮುಂದೆ ಪೀಠಿಕೆ, ಕಂಪನಿಯ ಪರಿಚಯ, ಅಧ್ಯಯನ ವಿಧಾನ, ಅಂಕಿಅಂಶದ ವಿಶ್ಲೇಷಣೆ, ಕೊನೆಗೆ ಸಲಹೆ. ಉತ್ತರ ಕೊಟ್ಟವರು ಸದಾ ನೂರು ಮಂದಿ. ನೂರೇ ಯಾಕೆಂದರೆ ಶೇಕಡಾವಾರು ಲೆಕ್ಕ ಹಾಕುವ ತ್ರಾಸು ತಪ್ಪುತ್ತದೆ. 62 ಮಂದಿ ಎಂದರೆ ಶೇ 62, ಮುಗಿಯಿತು. ಆ ನೂರು ಮಂದಿಯಲ್ಲಿ ಬಹುಪಾಲು ‘ತೃಪ್ತರು’, ಉಳಿದವರು ‘ಬಹಳ ತೃಪ್ತರು’. ಮಳೆ ಕೈಕೊಟ್ಟ ಊರುಗಳಲ್ಲಿ ಜನ ಇಷ್ಟೊಂದು ತೃಪ್ತಿಯಿಂದಿದ್ದಾರೆ ಎಂಬುದನ್ನು ಈ ವರದಿಗಳಿಂದಲೇ ತಿಳಿಯಬೇಕು. ಸಲಹೆಯೂ ಒಂದೇ: ಕಂಪನಿ ಜಾಹೀರಾತಿಗೆ ಹೆಚ್ಚು ಒತ್ತು ಕೊಡಬೇಕು.

ಒಂದು ವರದಿಯಲ್ಲಿ ನಮ್ಮ ತಾಲ್ಲೂಕು ಕೇಂದ್ರವೊಂದರ ಬೈಕ್ ಷೋರೂಮಿನ ಗ್ರಾಹಕರು ಮೆಟ್ರೋ ನಿಲ್ದಾಣಕ್ಕೆ ಹೋಗಿಬರಲು ಬೈಕು ಕೊಂಡಿದ್ದರು. ಜೆರಾಕ್ಸ್ ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದ ಆ ವರದಿಯ ಮೂಲ ಬೆಂಗಳೂರಿನದು. ಊರಿನ ಹೆಸರನ್ನು ಎಲ್ಲ ಕಡೆ ಬದಲಿಸಿದವನ ಕಣ್ಣಿಗೆ ಮೆಟ್ರೋ ಬಿದ್ದಿರಲಿಲ್ಲ. ಕೇಳಿದ್ದಕ್ಕೆ ಹುಡುಗ ತಲೆ ತಗ್ಗಿಸಿದ. ಹಿಂಸೆ ಮಾಡುವುದು ಬೇಡವೆಂದು, “ಮನೇಲಿ ಏನ್ ಮಾಡ್ತಾರಪ್ಪ?” ಅಂದೆ. “ನಮ್ಮಪ್ಪ ಎಪಿಎಂಸಿಯಾಗ ಹಮಾಲಿ ಮಾಡ್ತಾರ್ರಿ ಸರ್. ಸುಗ್ಗಿ ಟೈಮಿಗೆ ನಾನೂ ಚೀಲ ಹೊರಾಕ ಹೋಗ್ತೀನ್ರಿ” ಅಂದ. ಆಮೇಲೆ ಅವನನ್ನು ನಿಲ್ಲಿಸುವುದೇ ಕಷ್ಟವಾಯಿತು. ಶೇಂಗಾ ಚೀಲ ಇಳಿಸಿದ ಕೂಲಿ ಯಾರ ಲೆಕ್ಕಕ್ಕೆ ಬೀಳುತ್ತದೆ, ಹಸಿ ಮಾಲಿಗೆ ತೂಕದಲ್ಲಿ ಎಷ್ಟು ಸೂಟು ಹಿಡಿಯುತ್ತಾರೆ, ಅಧಿಕೃತ ಪಟ್ಟಿಯ ಬದಲು ಬಿಳಿ ಚೀಟಿ ಯಾವಾಗ ಹೊರಗೆ ಬರುತ್ತದೆ, ಮಳೆ ಮೋಡ ಕಂಡ ದಿನ ರೈತ ಯಾಕೆ ಕಡಿಮೆ ರೇಟಿಗೇ ಹೂಂ ಅನ್ನುತ್ತಾನೆ. ಎದುರಿಗಿದ್ದ ರಟ್ಟಿನ ಪುಸ್ತಕದಲ್ಲಿ ಇದರ ಒಂದು ಸಾಲೂ ಇರಲಿಲ್ಲ. ಅವನ ವರದಿಗೆ ನನ್ನ ಆಕ್ಷೇಪ ಇಷ್ಟೇ. ನಕಲು ಮಾಡಿದ ಎಂಬುದಕ್ಕಿಂತ, ತನಗೆ ಗೊತ್ತಿದ್ದುದನ್ನು ಬಿಟ್ಟು ಗೊತ್ತಿಲ್ಲದ್ದನ್ನು ದುಡ್ಡು ಕೊಟ್ಟು ತಂದ ಎಂಬುದು ದೊಡ್ಡ ನಷ್ಟ.

ಅವನಿಗೆ ಗೊತ್ತಿದ್ದುದು ಸಣ್ಣ ವಿಷಯವಲ್ಲ. ಎಪಿಎಂಸಿ ವಹಿವಾಟನ್ನು ಕಂಪ್ಯೂಟರಿಗೆ ತರಲು ಕರ್ನಾಟಕ ಸರ್ಕಾರ 2014ರಲ್ಲಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಜಂಟಿ ಕಂಪನಿಯನ್ನೇ ಕಟ್ಟಿತು. ಕೇಂದ್ರದ ರಾಷ್ಟ್ರೀಯ ಕೃಷಿ ಮಾರುಕಟ್ಟೆ, ಅಂದರೆ ಇ-ನಾಮ್, ಬಂದದ್ದು ಅದಾದ ಮೇಲೆ, 2016ರಲ್ಲಿ. ರೈತನ ಮಾಲಿಗೆ ಲಾಟ್ ನಂಬರ್ ಬೀಳುತ್ತದೆ, ವರ್ತಕರು ಆನ್‌ಲೈನಿನಲ್ಲಿ ದರ ಹಾಕುತ್ತಾರೆ, ಹೆಚ್ಚು ಹಾಕಿದವರಿಗೆ ಮಾಲು. ರೇಟು ಒಪ್ಪದಿದ್ದರೆ ಬೇಡ ಅನ್ನುವ ಹಕ್ಕು ರೈತನಿಗಿದೆ. ಕಮಿಷನ್ ಕೊಡಬೇಕಾದವರು ಖರೀದಿದಾರರು, ರೈತರಲ್ಲ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಮಾರುಕಟ್ಟೆ ಬೇಡ. ಹಾಗಿದ್ದೂ ರೈತ ಪ್ರತಿ ಸುಗ್ಗಿಗೆ ಅದೇ ದಲ್ಲಾಳಿ ಅಂಗಡಿಯ ಮುಂದೆಯೇ ಗಾಡಿ ನಿಲ್ಲಿಸುವುದು ಯಾಕೆ? ಬೀಜ ಗೊಬ್ಬರಕ್ಕೋ ಮಗಳ ಮದುವೆಗೋ ಅಲ್ಲಿ ಎತ್ತಿದ ಮುಂಗಡ ಇರುತ್ತದೆ. ದರ ಟೆಂಡರಿನಲ್ಲಿ ನಿಂತರೂ ರೈತನ ಆಯ್ಕೆ ಆ ಮುಂಗಡದ ದಿನವೇ ಮುಗಿದಿರುತ್ತದೆ. 2024-25ರಲ್ಲಿ ಶೇಂಗಾಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 6,783 ರೂಪಾಯಿ, ಮೆಕ್ಕೆಜೋಳಕ್ಕೆ 2,225. ತನ್ನ ಓಣಿಯ ಇಪ್ಪತ್ತೇ ರೈತರ ಕೈಗೆ ಬಂದ ಮಾರಾಟದ ಪಟ್ಟಿಗಳನ್ನು ಈ ಅಂಕಿಯ ಪಕ್ಕ ಇಟ್ಟು, ಯಾರಿಗೆ ಮುಂಗಡ ಇತ್ತು, ಯಾರಿಗೆ ಇರಲಿಲ್ಲ ಎಂದು ಎರಡು ಕಾಲಂ ಮಾಡಿದ್ದರೆ ಆ ಹುಡುಗನ ವರದಿಯನ್ನು ಯಾವ ವಿಶ್ವವಿದ್ಯಾಲಯವೂ ಬೀರುವಿಗೆ ತಳ್ಳುತ್ತಿರಲಿಲ್ಲ.

ಹಡಗಲಿಗೆ ಬನ್ನಿ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಗಳ ಜತೆ ಹಡಗಲಿ ಮಲ್ಲಿಗೆಗೂ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಇದೆ. ವಿಜಯನಗರದ ಕಾಲದಲ್ಲಿ ಇಲ್ಲಿನ ಹೂವು ತುಂಗಭದ್ರೆಯ ಮೇಲೆ ಹಂಪಿಗೆ ಹೋಗುತ್ತಿತ್ತು ಎಂಬ ಪ್ರತೀತಿಯನ್ನು ಭಾಷಣಗಳಲ್ಲಿ ಕೇಳುತ್ತಲೇ ಇರುತ್ತೇವೆ. ಇವತ್ತು ಆ ಹೂವಿನ ವ್ಯಾಪಾರ ಹೇಗೆ ನಡೆಯುತ್ತಿದೆ ಎಂದು ಕೇಳಿದರೆ ಭಾಷಣ ಮಾಡಿದವರು ಸುಮ್ಮನಾಗುತ್ತಾರೆ. ಉಡುಪಿ ಕಡೆಯ ಶಂಕರಪುರದಲ್ಲಿ ಮಲ್ಲಿಗೆಯ ದರ ದಿನವೂ ಕಟ್ಟೆಯಲ್ಲಿ ನಿಗದಿಯಾಗುತ್ತದೆ. ಹೂವಿನ ಅಳತೆಯಾದ ಅಟ್ಟೆಗೆ ಇಷ್ಟು ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಹಡಗಲಿಯಲ್ಲಿ ದರ ಹೇಳುವವರು ಯಾರು, ಎಷ್ಟು ಗಂಟೆಗೆ? ಬೆಳೆದವನಿಗೆ ರೇಟು ತಿಳಿಯುವುದು ಹೂ ಕೊಡುವ ಮೊದಲೋ, ಕೊಟ್ಟ ಮೇಲೋ? ಮೊದಲ ಬಸ್ಸು ತಪ್ಪಿದ ಮೊಗ್ಗಿನ ಗತಿ ಏನು? ಜಿಐ ಪಟ್ಟಿಯಿಂದ ಬೆಳೆಗಾರನ ಜೇಬಿಗೆ ಒಂದು ರೂಪಾಯಿಯಾದರೂ ಹೆಚ್ಚು ಬಂದಿದೆಯೇ? ಬೆಳಗಿನ ಜಾವ ಮೊಗ್ಗು ಬಿಡಿಸಿ ಆಮೇಲೆ ಕಾಲೇಜಿಗೆ ಬರುವ ಹುಡುಗಿಗೆ ಇದರಲ್ಲಿ ಅರ್ಧದಷ್ಟು ಉತ್ತರ ಈಗಲೇ ಗೊತ್ತಿರುತ್ತದೆ. ಅವಳು ವರದಿ ಸಲ್ಲಿಸುವುದು ಮಾತ್ರ ಯಾವುದೋ ಸಾಫ್ಟ್‌ವೇರ್ ಕಂಪನಿಯ ನೌಕರರ ಮನೋಬಲದ ಮೇಲೆ.

ನಕಲು ನಮ್ಮ ಕಡೆ ಎಷ್ಟು ನಿರುಪಯೋಗಿ ಎಂಬುದಕ್ಕೆ ಹರಪನಹಳ್ಳಿ ತಾಲ್ಲೂಕೊಂದೇ ಸಾಕು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಿ ತಾಲ್ಲೂಕಾದದ್ದೂ ಇತ್ತೀಚೆಗೆ. ಹಾಗಾಗಿ ಹತ್ತು ವರ್ಷ ಹಳೆಯ ವರದಿಯಿಂದ ಎತ್ತಿದ ‘ಬಳ್ಳಾರಿ ಜಿಲ್ಲೆ’ಯ ಯಾವ ಕೋಷ್ಟಕವೂ ಇಂದಿನ ಗಡಿಗೆ ಹೊಂದುವುದಿಲ್ಲ. ಹರಪನಹಳ್ಳಿಯ ಅಂಕಿಗಳನ್ನು ಮೂರು ಜಿಲ್ಲೆಗಳ ಕಡತದಿಂದ ಹೆಕ್ಕಿ ಜೋಡಿಸಬೇಕು. ಅದನ್ನು ಮಾಡಿದವನಿಗೆ ಒಳ್ಳೆಯ ಪ್ರಶ್ನೆಯೊಂದು ತಾನಾಗಿ ಸಿಗುತ್ತದೆ: ಜಿಲ್ಲಾ ಕೇಂದ್ರ ಬದಲಾದಾಗ ವ್ಯಾಪಾರವೂ ಬದಲಾಯಿತೇ? ಕಚೇರಿ ಕೆಲಸಕ್ಕೆ ಈಗಿನ ಜಿಲ್ಲಾ ಕೇಂದ್ರವಾದ ಹೊಸಪೇಟೆಗೆ ಹೋಗುವ ರೈತ ಮೆಕ್ಕೆಜೋಳದ ಲಾರಿಯನ್ನೂ ಆ ಕಡೆಗೇ ತಿರುಗಿಸಿದನೇ, ಇಲ್ಲಾ ಅದು ಇನ್ನೂ ದಾವಣಗೆರೆಯ ದಾರಿಯಲ್ಲೇ ಇದೆಯೇ? ರಟ್ಟಿನ ಪುಸ್ತಕಗಳಲ್ಲಿ ಇದನ್ನು ಹುಡುಕುವುದು ವ್ಯರ್ಥ.

ಹಾಗಂತ ಹುಡುಗರನ್ನೇ ಬೈದು ಕೈ ತೊಳೆದುಕೊಳ್ಳುವುದು ಅನ್ಯಾಯ. ಪ್ರಾಜೆಕ್ಟಿಗೆಂದು ಹೋದರೆ ದೊಡ್ಡ ಕಂಪನಿಯ ಗೇಟಿನ ಒಳಗೆ ಬಿಡುವುದಿಲ್ಲ. ಸಣ್ಣ ಅಂಗಡಿಯವರಿಗೆ ‘ಲೆಕ್ಕ ಕೇಳಾಕ ಬಂದಾರ’ ಎಂದರೆ ತೆರಿಗೆಯ ಭಯ. ಒಬ್ಬೊಬ್ಬ ಗೈಡಿಗೆ ಹೊರಲಾರದಷ್ಟು ವಿದ್ಯಾರ್ಥಿಗಳು. ಹೆಣ್ಣುಮಕ್ಕಳು ಒಬ್ಬರೇ ಊರೂರು ತಿರುಗಲು ಮನೆಯವರು ಒಪ್ಪುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಅಡ್ಡಿ ಇಂಗ್ಲಿಷ್. ದಲ್ಲಾಳಿಯ ಜತೆ ಕನ್ನಡದಲ್ಲಿ, ತಾಂಡಾದಲ್ಲಿ ಲಂಬಾಣಿಯಲ್ಲಿ ಕೇಳಿಸಿಕೊಂಡದ್ದನ್ನು ಇಂಗ್ಲಿಷಿನಲ್ಲಿ ಬರೆ ಎಂದಾಗ ಕೇಳಿಸಿಕೊಂಡದ್ದೆಲ್ಲ ಅಲ್ಲೇ ಸೋರಿಹೋಗುತ್ತದೆ. ಸಿದ್ಧ ವಾಕ್ಯಗಳ ಅಂಗಡಿಗೆ ಹೋಗದೆ ವಿಧಿಯಿಲ್ಲ. 2021ರಲ್ಲಿ ಹೊಸ ಶಿಕ್ಷಣ ನೀತಿಯೆಂದು ಪದವಿಯ ಪಠ್ಯಕ್ರಮ ಬದಲಾಯಿತು, 2024ರಲ್ಲಿ ಅದನ್ನು ಬಿಟ್ಟು ಮತ್ತೆ ಬದಲಾಯಿತು. ರಟ್ಟಿನ ಬಣ್ಣ ಬದಲಾಗಲಿಲ್ಲ.

ನಕಲು ತಡೆಯಲು ನಿಯಮ ಇದೆಯಲ್ಲ ಎನ್ನುವವರಿದ್ದಾರೆ. ಸಂಶೋಧನಾ ಪ್ರಬಂಧಗಳ ಕೃತಿಚೌರ್ಯ ತಡೆಗೆ ಯುಜಿಸಿ 2018ರಲ್ಲಿ ನಿಯಮ ತಂದಿತು: ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ, 10ರಿಂದ 40ರವರೆಗೆ ತಿದ್ದಿ ಕೊಡಬೇಕು, 40ರಿಂದ 60ಕ್ಕೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಪ್ರಾಜೆಕ್ಟ್ ವರದಿಗಳು ಅದರ ವ್ಯಾಪ್ತಿಗೇ ಬರುವುದಿಲ್ಲ. ಬಂದರೂ ಅದು ಪದಗಳನ್ನು ಹಿಡಿಯುತ್ತದೆ, ಹೋಗದೇ ಇದ್ದ ಊರನ್ನು ಹಿಡಿಯುವುದಿಲ್ಲ. ಈಗಂತೂ ಮೊಬೈಲಿನಲ್ಲಿರುವ ಎಐಗೆ ಹೇಳಿದರೆ ಯಾವ ಪುಸ್ತಕಕ್ಕೂ ಹೋಲದ ಎಂಬತ್ತು ಪುಟ ಸಂಜೆಯೊಳಗೆ ಸಿದ್ಧ. ಹೋಲಿಕೆ ಸೊನ್ನೆ, ನೂರು ಮಂದಿ ತೃಪ್ತರೂ ಇರುತ್ತಾರೆ. ಜೆರಾಕ್ಸ್ ಅಂಗಡಿಯವನ ಹೊಟ್ಟೆಯ ಮೇಲೆ ಕಲ್ಲು ಬಿತ್ತೆಂಬುದನ್ನು ಬಿಟ್ಟರೆ ಬೇರೇನೂ ಬದಲಾಗಿಲ್ಲ.

ವೈವಾ ಕೊಠಡಿಯಲ್ಲಿ ಒಬ್ಬ ಚುರುಕು ಹುಡುಗಿ ನನಗೇ ತಿರುಗಿ ಕೇಳಿದ್ದುಂಟು: “ಸರ್, ದೊಡ್ಡ ಕಂಪನಿಯೋರೂ ಕನ್ಸಲ್ಟೆಂಟಿಗೆ ದುಡ್ಡು ಕೊಟ್ಟು ರಿಪೋರ್ಟ್ ಬರೆಸ್ತಾರಲ್ರಿ. ನಾವು ಬರೆಸಿದ್ರ ತಪ್ಪೇನು?” ಪ್ರಶ್ನೆ ಚೆನ್ನಾಗಿದೆ. ಬರೆಸಿದ ವರದಿ ಹುಸಿಯೋ ನಿಜವೋ ಎಂದು ತೂಗಬಲ್ಲ ಒಬ್ಬನಾದರೂ ಆ ಕಂಪನಿಯಲ್ಲಿ ಇರುತ್ತಾನೆ. ಇಲ್ಲದಿದ್ದರೆ ಅದು ಮುಳುಗುತ್ತದೆ. ಆ ತೂಗುವ ಕಣ್ಣು ಒಮ್ಮೆಯಾದರೂ ತಾನೇ ಕೇಳಿ, ಎಣಿಸಿ, ಲೆಕ್ಕ ತಪ್ಪಿ, ಮತ್ತೆ ಹೋಗಿ ಕೇಳಿದವರಿಗೆ ಮಾತ್ರ ಬರುತ್ತದೆ. ಉದಾಹರಣೆಗೆ, ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಉಳಿದು ಕ್ಷೇತ್ರಕಾರ್ಯ ಮಾಡಿದರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಹಚ್ಚಿದ ಬೆಂಕಿಗೆ ಅವರು ವರ್ಷಗಳಿಂದ ವಿಂಗಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ನೆನಪಿನಿಂದಲೇ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂತು. ನಮ್ಮ ವಿದ್ಯಾರ್ಥಿಯ ರಟ್ಟಿನ ಪುಸ್ತಕ ವೈವಾ ದಿನ ಬಸ್ಸಿನಲ್ಲಿ ಮರೆತುಹೋದರೆ ಅವನ ತಲೆಯಲ್ಲಿ ಶೀರ್ಷಿಕೆಯಾದರೂ ಉಳಿದಿರುತ್ತದೆಯೇ?

ಇನ್ನೊಂದು ಉದಾಹರಣೆ ವಾಣಿಜ್ಯಕ್ಕೆ ಇನ್ನೂ ಹತ್ತಿರದ್ದು. 1976ರಲ್ಲಿ ಬಾಂಗ್ಲಾದೇಶದ ಚಿತ್ತಗಾಂಗ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ಮೇಷ್ಟ್ರು ಮುಹಮ್ಮದ್ ಯೂನುಸ್ ಪಕ್ಕದ ಜೋಬ್ರಾ ಹಳ್ಳಿಯಲ್ಲಿ ವ್ಯಾಪಾರಿಗಳ ಸಾಲಕ್ಕೆ ಸಿಕ್ಕಿಬಿದ್ದವರ ಪಟ್ಟಿ ಮಾಡಲು ವಿದ್ಯಾರ್ಥಿನಿಯೊಬ್ಬಳನ್ನು ಕಳಿಸಿದರು. ಪಟ್ಟಿಯಲ್ಲಿ 42 ಹೆಸರು. ಎಲ್ಲರ ಸಾಲ ಸೇರಿ 856 ಟಾಕಾ, ಆಗಿನ ಲೆಕ್ಕದಲ್ಲಿ ಮೂವತ್ತು ಡಾಲರಿಗೂ ಕಡಿಮೆ. ಕಿರುಸಾಲಕ್ಕೆ ಹೆಸರಾದ ಅಲ್ಲಿನ ಗ್ರಾಮೀಣ ಬ್ಯಾಂಕಿನ ಕಥೆ ಶುರುವಾದದ್ದು ಆ ಪಟ್ಟಿಯಿಂದ. ಗಮನಿಸಿ, 42. ನೂರಲ್ಲ.

ಕಿರುಸಾಲದ ಇನ್ನೊಂದು ಮುಖ ನಮ್ಮ ಬಾಗಿಲಿಗೇ ಬಂದಿದೆ. ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಕೂಡ್ಲಿಗಿ ಕಡೆಯ ವಿದ್ಯಾರ್ಥಿಗಳ ಎಷ್ಟೋ ಮನೆಗಳಲ್ಲಿ ಸಂಘದ ಸಾಲದ ಪಾಸ್‌ಬುಕ್ಕು, ಫೈನಾನ್ಸಿನವರ ಕಂತಿನ ಕಾರ್ಡು ಎರಡೂ ಗೋಡೆಯ ಮೊಳೆಗೆ ತೂಗಿರುತ್ತವೆ. ಒಂದು ಸಾಲ ತೀರಿಸಲು ಇನ್ನೊಂದು ಎತ್ತಿದ್ದು ಯಾವ ವಾರ, ಬಡ್ಡಿ ನಿಜಕ್ಕೂ ಎಷ್ಟು ಬಿತ್ತು ಎಂಬ ಲೆಕ್ಕವನ್ನು ಬಿ.ಕಾಂ. ಓದುವ ಮಗಳಿಗಿಂತ ಚೆನ್ನಾಗಿ ಯಾರು ಮಾಡಬಲ್ಲರು? ಹೊರಗಿನಿಂದ ಬಂದ ಸಂಶೋಧಕನ ಮುಂದೆ ಆ ಕಾರ್ಡು ಮೊಳೆಯಿಂದ ಕೆಳಗೆ ಇಳಿಯುವುದಿಲ್ಲ.

ಹಾಗಾದರೆ ಏನು ಮಾಡಬಹುದು? ಕನ್ನಡದಲ್ಲಿ ಬರೆಯಲು ಬಿಡಬೇಕು, ಇದರಲ್ಲಿ ಎರಡು ಮಾತಿಲ್ಲ. ರಟ್ಟಿನ ಪುಸ್ತಕಕ್ಕಿಂತ ಕಚ್ಚಾ ನೋಟ್‌ಬುಕ್ಕಿಗೆ ಹೆಚ್ಚು ಅಂಕ ಇಡಬೇಕು. ಕಾಟು ಹೊಡೆದ ಅಂಕಿ, ‘ಇವರು ಉತ್ತರ ಕೊಡಲಿಲ್ಲ’ ಎಂಬ ಷರಾ ಎಲ್ಲ ಅದರಲ್ಲಿ ಇರಬೇಕು. ಗೈಡಿಗೆ ಹೊರೆಯಾದರೆ ಐದು ತಾಲ್ಲೂಕಿನ ಹತ್ತು ಹುಡುಗರಿಗೆ ಒಂದೇ ಪ್ರಶ್ನೆ ಕೊಡಲಿ: ಒಂದೇ ವಾರ, ಐದು ಊರು, ಶೇಂಗಾದ ದರ, ಕಳೆದ ಸೂಟು, ರೈತನ ಕೈಗೆ ಬಂದ ಹಣ. ಹೆಣ್ಣುಮಕ್ಕಳು ತಮ್ಮ ಊರಲ್ಲೇ ಇದ್ದು ಮಾಡಬಹುದಾದ ಕೆಲಸ ಇದು. ಆದರೆ ಇದಕ್ಕೆ ಮೊದಲು ಕಾಲೇಜಿನ ಕ್ಯಾಲೆಂಡರನ್ನೇ ತಿದ್ದಬೇಕಾಗುತ್ತದೆ. ಮುಂಗಾರಿನ ಶೇಂಗಾ ಮಾರುಕಟ್ಟೆಗೆ ಬರುವುದು ದಸರೆ ದೀಪಾವಳಿಯ ಆಚೀಚೆ. ಪ್ರಾಜೆಕ್ಟಿನ ವಿಷಯ ಹಂಚುವುದು ಕೊನೆಯ ಸೆಮಿಸ್ಟರಿನಲ್ಲಿ, ಕಣವೆಲ್ಲ ಖಾಲಿಯಾದ ಮೇಲೆ.